ಹಳೆಯ ಹಾಡಿನ ಹೊಸ ಮಿಶ್ರಣ: ಕೊಳ್ಳತಕ್ಕದ್ದೋ, ಬಿಡತಕ್ಕದ್ದೋ?

ಒಂದೇ ಸರಕನ್ನು ಒಬ್ಬನೇ ಗಿರಾಕಿಗೆ ಎರಡು ಸಲ ಮಾರುವ ವ್ಯಾಪಾರಿಯನ್ನು ಲೋಕವು ಸಂಶಯದ ದೃಷ್ಟಿಯಿಂದಲೇ ನೋಡುವುದು ವಾಡಿಕೆ. ಆದರೆ ಹಾಡಿನ ಮುದ್ರಿಕೆಗಳನ್ನು ಮಾರುವ ಕಂಪನಿಗಳು ಒಂದೇ ಹಾಡನ್ನು ಒಬ್ಬನೇ ರಸಿಕನಿಗೆ ಮೂರು ನಾಲ್ಕು ಸಲ ಮಾರಿಯೂ ಮರ್ಯಾದೆಯಿಂದ ಬಾಳುತ್ತಲಿವೆ. ಮೊದಲು ಗ್ರಾಮಫೋನ್ ತಟ್ಟೆಯಾಗಿ ಬಂದ ಹಾಡು ಬಳಿಕ ಕ್ಯಾಸೆಟ್ಟಾಗಿ, ಆ ಬಳಿಕ ಸೀಡಿಯಾಗಿ ಬಂದಿತು. ಈಗ ಅದೇ ಹಾಡು 'ಹೊಸ ಮಿಶ್ರಣ' ಎಂಬ ಬಿರುದನ್ನು ಧರಿಸಿ, ಅಂದವಾದ ಪೆಟ್ಟಿಗೆಯಲ್ಲಿ ಕುಳಿತು, ಮತ್ತೊಮ್ಮೆ ನಮ್ಮ ಹಣದ ಚೀಲದ ಕಡೆಗೆ ಕೈಚಾಚುತ್ತಿದೆ. ಇಂಗ್ಲಂಡದ ಬೀಟಲ್ಸ್ ಎಂಬ ಗಾಯಕಮಂಡಲಿಯ ಆಲ್ಬಮ್ಮುಗಳು 2017ನೆಯ ಇಸವಿಯಿಂದೀಚೆಗೆ ಒಂದೊಂದಾಗಿ ಈ ಬಗೆಯಾಗಿ ಹೊರಬಿದ್ದಿವೆ. ಅವುಗಳಲ್ಲಿ ಎರಡು, 2017ರಲ್ಲಿಯೂ 2019ರಲ್ಲಿಯೂ, ಅರ್ಧ ಶತಮಾನದ ತರುವಾಯ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಮರಳಿ ಪಡೆದವು. ಇಂಥ ಮುದ್ರಿಕೆಗಳು ಕೊಳ್ಳಲು ಯೋಗ್ಯವಾದವುಗಳೋ ಅಲ್ಲವೋ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

'ಇದೇನು ಮಹಾ ಪ್ರಶ್ನೆ! ಬೇಕಾದವರು ಕೊಳ್ಳಲಿ, ಬೇಡವಾದವರು ಬಿಡಲಿ' ಎಂದು ವಾಚಕರಲ್ಲಿ ಕೆಲವರು ಅನ್ನಬಹುದು. ಪ್ರಶ್ನೆಯು ಹಣದ ಮಟ್ಟಿಗೇ ಇದ್ದಿದ್ದರೆ ಈ ಮಾತು ಸಾಕಾಗುತ್ತಿತ್ತು. ಆದರೆ ಬಹುಜನರು ಬಹುಕಾಲ ಕೇಳಿ ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡ ಹಾಡು ಬರಿಯ ಸರಕಲ್ಲ. ಅದು ಒಂದು ಪೀಳಿಗೆಯ ನೆನಪು. ಆ ನೆನಪನ್ನು ತಿದ್ದುವ ಅಧಿಕಾರ ಯಾರದು, ತಿದ್ದಿದ ಬಳಿಕ ಮೊದಲಿನದು ಉಳಿಯುವುದೋ ಇಲ್ಲವೋ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

ಮೊದಲು ಶಬ್ದಗಳ ಗೊಂದಲವನ್ನು ನಿವಾರಿಸಿಕೊಳ್ಳುವುದು ಅವಶ್ಯ. ಪೇಟೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಅಕ್ಕಸಾಲಿಗನ ಅಂಗಡಿಯ ಉದಾಹರಣೆಯಿಂದ ಇದು ತಿಳಿಯಾಗುವುದು. ಮಾಸಿದ ಒಡವೆಯನ್ನು ತೊಳೆದು ಮೆರುಗು ಕೊಡುವುದೊಂದು ಕೆಲಸ. ಸಿದ್ಧವಾದ ಮುದ್ರಣವನ್ನು ಶುಚಿಮಾಡಿ ಪುನಃ ಹೊರತರುವುದು ಈ ಜಾತಿಯದು. ಇದಕ್ಕೆ ರಿಮಾಸ್ಟರ್ ಎನ್ನುವರು. ಒಡವೆಯ ಹರಳುಗಳನ್ನು ಬಿಡಿಸಿ, ಅದೇ ಹರಳುಗಳನ್ನು ಹೊಸದಾಗಿ ಕೂಡಿಸುವುದು ಇನ್ನೊಂದು ಕೆಲಸ. ಹಾಡಿದವರ ಮೂಲ ಕಂಠವನ್ನೂ ನುಡಿಸಿದವರ ಮೂಲ ವಾದ್ಯವನ್ನೂ ಬೇರೆ ಬೇರೆಯಾಗಿ ತೆಗೆದು, ಹೊಸ ಪ್ರಮಾಣದಲ್ಲಿ ಬೆರೆಸುವುದೇ ನಿಜವಾದ ರಿಮಿಕ್ಸ್, ಅಂದರೆ ಪುನರ್ಮಿಶ್ರಣ. ಹಳೆಯ ಒಡವೆಯ ಮಾದರಿಯನ್ನು ನೋಡಿ ಬೇರೆ ಲೋಹದಲ್ಲಿ ಬೇರೊಂದು ಒಡವೆಯನ್ನು ಮಾಡುವುದು ಮೂರನೆಯ ಕೆಲಸ.

ನಮ್ಮ ದೇಶದಲ್ಲಿ ರಿಮಿಕ್ಸ್ ಎಂದೊಡನೆ ಬಹುಜನರ ಮನಸ್ಸಿಗೆ ಬರುವುದು ಈ ಮೂರನೆಯದೇ. 1972ರ 'ಸಮಾಧಿ' ಎಂಬ ಹಿಂದೀ ಚಿತ್ರದಲ್ಲಿ ಲತಾ ಮಂಗೇಶಕರ ಅವರು ಹಾಡಿದ 'ಕಾಂಟಾ ಲಗಾ' ಎಂಬ ಹಾಡು 2002ರಲ್ಲಿ ಬೇರೆ ಕಂಠದಿಂದ, ಬೇರೆ ತಾಳದ ಅಬ್ಬರದೊಡನೆ ಹೊರಬಂದು ಮನೆಮಾತಾದುದನ್ನು ಅನೇಕರು ಬಲ್ಲರು. ಇಂಥವುಗಳು ಹೆಚ್ಚಿದ ಮೇಲೆ ನಮ್ಮ ಶಾಸನವೂ ಬಿಗಿಯಾಯಿತು. 1957ರ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷಗಳು ಕಳೆಯುವವರೆಗೆ ಕಾಯಿದೆಯ ಈ ಸೌಲಭ್ಯದ ಮೇಲೆ ಇಂಥ ಅನುಕರಣವನ್ನು ಹೊರತರಕೂಡದು. ಅದು ಅನುಕರಣವೆಂಬುದನ್ನು ಹೊದಿಕೆಯ ಮೇಲೆ ಸ್ಪಷ್ಟವಾಗಿ ಹೇಳತಕ್ಕದ್ದು. ಕರ್ತೃಗಳಿಗೆ ವರ್ಷಕ್ಕೆ ಕನಿಷ್ಠಪಕ್ಷ 50,000 ಪ್ರತಿಗಳ ಲೆಕ್ಕದಲ್ಲಿ ಸಂಭಾವನೆಯನ್ನು ಸಲ್ಲಿಸತಕ್ಕದ್ದು. ಈ ಮೂರನೆಯ ಜಾತಿಯ ಗುಣದೋಷಗಳನ್ನು ಬೇರೆಯಾಗಿಯೇ ಚರ್ಚಿಸಬೇಕು. ಇಲ್ಲಿ ನಮ್ಮ ವಿಚಾರಕ್ಕೆ ವಿಷಯವಾಗಿರುವುದು ಎರಡನೆಯದು: ಮೂಲ ಹರಳುಗಳನ್ನೇ ಬಿಡಿಸಿ ಕೂಡಿಸಿದ ಪುನರ್ಮಿಶ್ರಣ. ಅದಕ್ಕೆ ಬೀಟಲ್ಸ್ ಮಂಡಲಿಯ ಹಾಡುಗಳಿಗಿಂತ ತಕ್ಕ ನಿದರ್ಶನವಿಲ್ಲ.

ಆ ಹಾಡುಗಳು ಹುಟ್ಟಿದ ರೀತಿಯನ್ನು ತಿಳಿಯದೆ ಹೊಸ ಮಿಶ್ರಣದ ಬೆಲೆಯನ್ನು ಕಟ್ಟಲಾಗದು. ಲಂಡನ್ನಿನ ಅಬ್ಬೆ ರೋಡಿನಲ್ಲಿದ್ದ ಮುದ್ರಣಶಾಲೆಯಲ್ಲಿ 1963ನೆಯ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಈ ನಾಲ್ವರು ತರುಣರು ತಮ್ಮ ಮೊದಲಿನ ಆಲ್ಬಮ್ಮಿನ ಹತ್ತು ಹಾಡುಗಳನ್ನು ಮುದ್ರಿಸಿದರು. ಆಗ ಟೇಪಿನ ಮೇಲೆ ಇದ್ದದ್ದು ಎರಡೇ ಧ್ವನಿಜಾಡುಗಳು. ಅದೇ ವರ್ಷದ ಕೊನೆಯ ಭಾಗದಲ್ಲಿ ನಾಲ್ಕು ಜಾಡುಗಳ ಯಂತ್ರವು ಅವರ ಕೈಗೆ ಬಂದಿತು. ಎಂಟು ಜಾಡುಗಳದು 1968ರಲ್ಲಿ. ನಾಲ್ಕು ಜಾಡುಗಳು ತುಂಬಿದ ಮೇಲೆ ಇನ್ನೂ ವಾದ್ಯಗಳನ್ನು ಸೇರಿಸಬೇಕೆಂದರೆ, ಆ ನಾಲ್ಕನ್ನೂ ಬೆರೆಸಿ ಇನ್ನೊಂದು ಟೇಪಿನ ಒಂದೆರಡು ಜಾಡುಗಳಿಗೆ ಇಳಿಸಿ, ಉಳಿದ ಜಾಡುಗಳನ್ನು ಬಳಸಬೇಕಾಗಿತ್ತು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್‌ಶಬ್ದ ಹೆಚ್ಚುವುದು, ಧ್ವನಿಯ ಹೊಳಪು ಕುಂದುವುದು. ಒಮ್ಮೆ ಬೆರೆತ ವಾದ್ಯಗಳು ಆ ಟೇಪಿನಲ್ಲಿ ಮತ್ತೆ ಬೇರೆಯಾಗುತ್ತಿರಲಿಲ್ಲ. 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಪ್ರಖ್ಯಾತ ಆಲ್ಬಮ್ಮು ಈ ನಾಲ್ಕು ಜಾಡುಗಳ ಯಂತ್ರದ ಮೇಲೆಯೇ, ಇಂಥ ಇಳಿಸಾಟದಿಂದಲೇ ಸಿದ್ಧವಾಯಿತು.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಆ ಕಾಲದ ಬ್ರಿಟನ್ನಿನ ಸಾಮಾನ್ಯ ಮನೆಗಳಲ್ಲಿದ್ದುದು ಒಂದೇ ಧ್ವನಿವರ್ಧಕದ ಯಂತ್ರ. ಆದುದರಿಂದ ಮಂಡಲಿಯವರೂ ಅವರ ನಿರ್ಮಾಪಕರಾದ ಜಾರ್ಜ್ ಮಾರ್ಟಿನ್ ಅವರೂ ಮಾನೋ ಮಿಶ್ರಣವನ್ನೇ ಮುಖ್ಯವೆಂದು ಎಣಿಸಿ, ಅದರ ಮೇಲೆ ಹೆಚ್ಚು ಶ್ರಮವನ್ನು ವೆಚ್ಚಮಾಡಿದರು. ಎರಡು ಕಿವಿಗಳಿಗೂ ಹಂಚಿದ ಸ್ಟೀರಿಯೋ ಮಿಶ್ರಣವು ಅವಸರದಲ್ಲಿ, ಹಾಡಿದವರು ಬಹುಮಟ್ಟಿಗೆ ಹತ್ತಿರವಿಲ್ಲದಿರುವಾಗ ಆಗಿಹೋಯಿತು. ಕಾಲಚಕ್ರದ ವಿನೋದವೆಂದರೆ, ಮುಂದೆ ಮಾನೋ ಯಂತ್ರಗಳು ಮೂಲೆಗುಂಪಾಗಿ, ಅವಸರದ ಸ್ಟೀರಿಯೋ ರೂಪವೇ ಜಗತ್ತಿನಲ್ಲೆಲ್ಲ ಹಬ್ಬಿ ಮೂಲವೆಂಬ ಪಟ್ಟವನ್ನು ಏರಿತು. ಕಂಠವೆಲ್ಲ ಒಂದು ಪಕ್ಕಕ್ಕೆ, ವಾದ್ಯವೆಲ್ಲ ಇನ್ನೊಂದು ಪಕ್ಕಕ್ಕೆ ಎಂಬಂತೆ ಕೆಲವು ಹಾಡುಗಳಲ್ಲಿ ಇರುವ ಹಂಚಿಕೆಯು ಕೋಣೆಯ ಯಂತ್ರದಲ್ಲಿ ಅಷ್ಟಾಗಿ ಬಾಧಿಸದಿದ್ದರೂ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೇಳುವ ಇಂದಿನವರಿಗೆ ಒಂದು ಕಿವಿ ಕಿವುಡಾದಂತೆ ತೋರುವುದು.

ಈ ಹಿನ್ನೆಲೆಯಲ್ಲಿ 2017ರ ಕೆಲಸವನ್ನು ನೋಡಬೇಕು. 2016ರಲ್ಲಿ ದಿವಂಗತರಾದ ಜಾರ್ಜ್ ಮಾರ್ಟಿನ್ ಅವರ ಪುತ್ರ ಜೈಲ್ಸ್ ಮಾರ್ಟಿನ್ ಅವರು, ಸ್ಯಾಮ್ ಓಕೆಲ್ ಎಂಬ ತಂತ್ರಜ್ಞರೊಡನೆ, 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಐವತ್ತನೆಯ ವರ್ಷಕ್ಕೆ ಅದನ್ನು ಹೊಸದಾಗಿ ಬೆರೆಸಿದರು. ಅವರು ಇಳಿಸಾಟಕ್ಕೆ ಮೊದಲಿನ ಟೇಪುಗಳಿಗೇ ಹೋದರು. ಕುಂದದ ಧ್ವನಿಯನ್ನು ಅಲ್ಲಿಂದ ಪಡೆದು, ಕಂಪ್ಯೂಟರಿನ ಸಹಾಯದಿಂದ ಟೇಪುಗಳನ್ನು ಒಂದಕ್ಕೊಂದು ಹೊಂದಿಸಿ ಬೆರೆಸಿದರು. ಅವರಿಗೆ ದಾರಿದೀಪವಾದದ್ದು ಮಂಡಲಿಯವರೇ ಶ್ರದ್ಧೆಯಿಂದ ಮಾಡಿದ್ದ ಮಾನೋ ಮಿಶ್ರಣ. ಉದಾಹರಣೆಗೆ, 'ಶೀಸ್ ಲೀವಿಂಗ್ ಹೋಮ್' ಎಂಬ ಹಾಡು ಮಾನೋದಲ್ಲಿ ತುಸು ವೇಗವಾಗಿ, ಅದರಿಂದ ಶ್ರುತಿಯೂ ತುಸು ಏರಿ ಇದ್ದಿತು, ಸ್ಟೀರಿಯೋದಲ್ಲಿ ನಿಧಾನವಾಗಿದ್ದಿತು. ಹೊಸ ಮಿಶ್ರಣವು ಮಾನೋದ ವೇಗವನ್ನೇ ಅಂಗೀಕರಿಸಿದೆ. ಅಂದರೆ ಹೊಸದೆಂದು ಹೇಳಿಕೊಳ್ಳುವ ಈ ಮುದ್ರಿಕೆಯು ಒಂದು ಅರ್ಥದಲ್ಲಿ ಹಳೆಯ ಸ್ಟೀರಿಯೋಕ್ಕಿಂತಲೂ ಮೂಲಕ್ಕೆ ಸಮೀಪವಾದುದು.

ಭಾರತೀಯರಾದ ನಮಗೆ ಈ ಆಲ್ಬಮ್ಮಿನಲ್ಲಿ ವಿಶೇಷ ಆಸಕ್ತಿಯ ಹಾಡೊಂದಿದೆ. ಜಾರ್ಜ್ ಹ್ಯಾರಿಸನ್ನರ 'ವಿದಿನ್ ಯೂ ವಿದೌಟ್ ಯೂ' ಹಾಡಿನಲ್ಲಿ ದಿಲ್ರುಬಾ, ತಬಲಾ, ತಂಬೂರಿಗಳನ್ನು ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ನುಡಿಸಿದ್ದರು. 1967ರ ಹೊದಿಕೆಯ ಮೇಲೆ ಅವರ ಹೆಸರುಗಳು ಅಚ್ಚಾಗಲಿಲ್ಲ. ಹೊಸ ಮಿಶ್ರಣದಲ್ಲಿ ಆ ವಾದ್ಯಗಳ ನಾದವು ಮೊದಲಿಗಿಂತ ತಿಳಿಯಾಗಿ, ತಂಬೂರಿಯ ಝೇಂಕಾರವು ಹಿನ್ನೆಲೆಯಲ್ಲಿ ಮುಳುಗಿಹೋಗದೆ ಕೇಳಿಸುವುದು. ಹೆಸರು ಮರೆಯಾದವರ ಕೈಚಳಕವು ಐವತ್ತು ವರ್ಷಗಳ ಬಳಿಕವಾದರೂ ಕಿವಿಗೆ ಬೀಳುವಂತಾದುದು ಸಣ್ಣ ಲಾಭವಲ್ಲ. ಇದೇ ಹಾಡಿನ ಕಂಠವನ್ನು 2006ರ 'ಲವ್' ಎಂಬ ಸಂಕಲನದಲ್ಲಿ ತಂದೆಯೂ ಮಗನೂ ಸೇರಿ ಬೇರೊಂದು ಹಾಡಿನ ತಾಳದ ಮೇಲೆ ಕೂಡಿಸಿದ್ದರು. ಲಾಸ್ ವೇಗಾಸಿನ ಒಂದು ಪ್ರದರ್ಶನಕ್ಕಾಗಿ ಮಾಡಿದ ಆ ಕೆಲಸವು ವಿನೋದವೆಂದು ಕೇಳಲು ಚೆನ್ನ. ಅದನ್ನು ಮೂಲದ ಜೀರ್ಣೋದ್ಧಾರವೆಂದು ಯಾರೂ ಭ್ರಮಿಸಬೇಕಾಗಿಲ್ಲ, ಅವರೂ ಹಾಗೆ ಹೇಳಲಿಲ್ಲ.

2022ರಲ್ಲಿ ಬಂದ 'ರಿವಾಲ್ವರ್' ಆಲ್ಬಮ್ಮಿನ ಹೊಸ ಮಿಶ್ರಣವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1966ರ ಈ ಆಲ್ಬಮ್ಮಿನ 'ಟ್ಯಾಕ್ಸ್‌ಮನ್' ಹಾಡಿನಲ್ಲಿ ಗಿಟಾರು, ಬೇಸ್, ಡೋಲು ಮೂರೂ ಒಂದೇ ಜಾಡಿನಲ್ಲಿ ಬೆರೆತಿದ್ದವು. ಹಾಲಿನಲ್ಲಿ ಕಲಸಿದ ಸಕ್ಕರೆಯನ್ನು ಬೇರೆ ತೆಗೆಯುವುದು ಹೇಗೆ ಅಸಾಧ್ಯವೋ ಹಾಗೆಯೇ ಇದೂ ಅಸಾಧ್ಯವೆಂದು ಎಣಿಸಲಾಗಿತ್ತು. ಆದರೆ ಚಲಚ್ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ನರ ಬಳಗವು 2021ರ 'ಗೆಟ್ ಬ್ಯಾಕ್' ಸಾಕ್ಷ್ಯಚಿತ್ರಕ್ಕಾಗಿ ಸಿದ್ಧಪಡಿಸಿದ ಕಂಪ್ಯೂಟರ್ ವಿಧಾನವು, ಪ್ರತಿಯೊಂದು ವಾದ್ಯದ ಧ್ವನಿಲಕ್ಷಣವನ್ನು ಕಲಿತು, ಕಲಸಿದುದನ್ನು ಬೇರ್ಪಡಿಸಿತು. 2023ರಲ್ಲಿ ಇದೇ ವಿಧಾನದಿಂದ ಜಾನ್ ಲೆನನ್ನರ ಹಳೆಯ ಕ್ಯಾಸೆಟ್ಟಿನಿಂದ ಕಂಠವನ್ನು ಪಿಯಾನೋದಿಂದ ಬಿಡಿಸಿ 'ನೌ ಅಂಡ್ ದೆನ್' ಹಾಡನ್ನು ಪೂರ್ಣಗೊಳಿಸಿದರು. 1962ರ 'ಲವ್ ಮೀ ಡೂ' ಹಾಡಿನ ಮೂಲ ಟೇಪು ಉಳಿದೇ ಇರಲಿಲ್ಲ, ಮಾನೋ ಮುದ್ರಣವೊಂದೇ ಇದ್ದಿತು; ಅದಕ್ಕೂ ಇದೇ ವಿಧಾನದಿಂದ ಸ್ಟೀರಿಯೋ ರೂಪ ಬಂದಿತು.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಮಿಶ್ರಣವೆಂಬುದು ಬರಿಯ ಯಾಂತ್ರಿಕ ಕೆಲಸವಲ್ಲ; ಯಾವ ದನಿ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ನಿರ್ಣಯವೂ ಕಲೆಯ ಅಂಗವೇ. 1980ರಲ್ಲಿ ತೀರಿಕೊಂಡ ಲೆನನ್ನರೂ 2001ರಲ್ಲಿ ತೀರಿಕೊಂಡ ಹ್ಯಾರಿಸನ್ನರೂ ಈ ಹೊಸ ನಿರ್ಣಯಗಳನ್ನು ಒಪ್ಪುತ್ತಿದ್ದರೆಂದು ಯಾರು ಪ್ರಮಾಣಮಾಡಬಲ್ಲರು? ಸತ್ತವರ ಪರವಾಗಿ ಸಹಿಹಾಕುವವರು ಎಷ್ಟೇ ಆತ್ಮೀಯರಾದರೂ ಅದು ಸತ್ತವರ ಸಹಿಯಾಗಲಾರದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಮೊದಲು ಹೊರಬಂದುದೆಲ್ಲವೂ ಕರ್ತೃಗಳ ಮನಸ್ಸಿಗೆ ಒಪ್ಪಿದ್ದೇ ಎಂಬ ನಂಬಿಕೆಯೂ ಸರಿಯಲ್ಲ. 1970ರ 'ಲೆಟ್ ಇಟ್ ಬಿ' ಆಲ್ಬಮ್ಮಿನ 'ದ ಲಾಂಗ್ ಅಂಡ್ ವೈಂಡಿಂಗ್ ರೋಡ್' ಹಾಡಿಗೆ ಫಿಲ್ ಸ್ಪೆಕ್ಟರ್ ಎಂಬ ನಿರ್ಮಾಪಕರು ವಾದ್ಯವೃಂದವನ್ನೂ ಸ್ತ್ರೀಕಂಠಗಳ ಮೇಳವನ್ನೂ ಸೇರಿಸಿದಾಗ, ಹಾಡು ಕಟ್ಟಿದ ಪಾಲ್ ಮೆಕಾರ್ಟ್ನಿಯವರು ಕುಪಿತರಾದರು. ಮಂಡಲಿಯ ಪಾಲುಗಾರಿಕೆಯನ್ನು ಮುರಿಯಲು ನ್ಯಾಯಾಲಯಕ್ಕೆ ಹೋದಾಗ ಇದನ್ನೂ ಒಂದು ದೂರಾಗಿ ಎತ್ತಿದರು. ಆ ಅಲಂಕಾರಗಳಿಲ್ಲದ ರೂಪವು 'ಲೆಟ್ ಇಟ್ ಬಿ... ನೇಕೆಡ್' ಎಂಬ ಹೆಸರಿನಿಂದ 2003ರಲ್ಲಿ ಬಂದಿತು. 2021ರ ಹೊಸ ಮಿಶ್ರಣದಲ್ಲಿಯೋ ಸ್ಪೆಕ್ಟರರ ವಾದ್ಯವೃಂದವನ್ನು ಹಾಗೆಯೇ ಉಳಿಸಿಕೊಂಡರು. ಆದುದರಿಂದ ಮೂಲವೆಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಒಂದು ಕಾಲದಲ್ಲಿ, ಕೆಲವರ ಕೈಯಲ್ಲಿ, ಇದ್ದ ಉಪಕರಣಗಳಿಂದ ಆದ ಒಂದು ತೀರ್ಮಾನ. ಆ ತೀರ್ಮಾನಕ್ಕೆ ಗೌರವ ಸಲ್ಲಬೇಕು. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡುವುದೇ ಅಪರಾಧವೆನ್ನಲಾಗದು.

ಪಕ್ಕದಲ್ಲಿ ಇಡುವುದು ಬೇರೆ, ಮೊದಲಿನದನ್ನು ಎತ್ತಿಹಾಕಿ ಆ ಸ್ಥಳದಲ್ಲಿ ಇಡುವುದು ಬೇರೆ. ನಿಜವಾದ ಅಪಾಯವಿರುವುದು ಇಲ್ಲಿ. ಇದು ಕಲ್ಪನೆಯ ಭಯವಲ್ಲ. 1987ರಲ್ಲಿ ಬೀಟಲ್ಸರ ಆಲ್ಬಮ್ಮುಗಳು ಸೀಡಿಯಾಗಿ ಬಂದಾಗ 'ಹೆಲ್ಪ್!' ಮತ್ತು 'ರಬ್ಬರ್ ಸೋಲ್' ಎಂಬೆರಡನ್ನು ಜಾರ್ಜ್ ಮಾರ್ಟಿನ್ ಅವರೇ ಹೊಸದಾಗಿ ಬೆರೆಸಿಕೊಟ್ಟರು. ಅಂದಿನಿಂದ ಪೇಟೆಯಲ್ಲಿ ದೊರೆತದ್ದು ಆ ಹೊಸ ರೂಪವೇ. ಬ್ರಿಟನ್ನಿನಲ್ಲಿ ಹೊರಟಿದ್ದ ಕ್ರಮದಲ್ಲಿ ಆ ಎರಡು ಆಲ್ಬಮ್ಮುಗಳ 1965ರ ಸ್ಟೀರಿಯೋ ಮಿಶ್ರಣವು ಸೀಡಿಯ ಮೇಲೆ ಇಡಿಯಾಗಿ ಬಂದದ್ದು 2009ರಲ್ಲಿ. ಅದೂ ಮಾನೋ ಸಂಪುಟದ ದೊಡ್ಡ ಪೆಟ್ಟಿಗೆಯೊಳಗೆ ಅನುಬಂಧವಾಗಿ. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಬೆಳೆದ ಕೇಳುಗರಲ್ಲಿ ಅನೇಕರಿಗೆ ತಾವು ಕೇಳುತ್ತಿರುವುದು 1965ರ ಮಿಶ್ರಣವಲ್ಲವೆಂಬ ಸಂಗತಿಯೇ ತಿಳಿಯದು.

ಮಾರ್ಟಿನ್ ಅವರ ಕೈಯಾದರೋ ಯೋಗ್ಯರ ಕೈ. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅಮೆರಿಕೆಯ ಟೆಕ್ಸಾಸ್ ಪ್ರಾಂತದ ಝೀ ಝೀ ಟಾಪ್ ಎಂಬ ತ್ರಿಮೂರ್ತಿಗಳ ಮಂಡಲಿಯು 1970ರ ದಶಕದಲ್ಲಿ ಮುದ್ರಿಸಿದ ಒರಟಾದ, ಜೀವಂತವಾದ ಆಲ್ಬಮ್ಮುಗಳನ್ನು 1987ರ 'ಸಿಕ್ಸ್ ಪ್ಯಾಕ್' ಎಂಬ ಸಂಪುಟಕ್ಕಾಗಿ ಪುನಃ ಬೆರೆಸಿದರು. ಆ ಹೊತ್ತಿನ ಷೋಕಿಗೆ ತಕ್ಕಂತೆ ಡೋಲಿನ ಸಹಜ ಧ್ವನಿಗೆ ಕೃತಕ ಗುಡುಗನ್ನೂ ಪ್ರತಿಧ್ವನಿಯನ್ನೂ ಹಚ್ಚಿದರು. ಷೋಕಿಯು ಕೆಲವೇ ವರ್ಷಗಳಲ್ಲಿ ಹಳಸಿತು. ಆದರೆ ಹಳಸಿದ ರೂಪವೇ ಸೀಡಿಯಲ್ಲಿ ಬಹುಕಾಲ ಮಾರಾಟವಾಯಿತು. 'ಟ್ರೆಸ್ ಓಂಬ್ರೆಸ್' ಎಂಬ ಅವರ 1973ರ ಪ್ರಸಿದ್ಧ ಆಲ್ಬಮ್ಮಿನ ಮೂಲ ಮಿಶ್ರಣವು ಸೀಡಿಯಾಗಿ ಬರಲು 2006ರವರೆಗೆ ಕಾಯಬೇಕಾಯಿತು. ಕಾಲದ ಷೋಕಿಯನ್ನು ಅನುಸರಿಸಿದ ಮಿಶ್ರಣವು ಕಾಲದೊಡನೆಯೇ ಮುದಿಯಾಗುವುದೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಇನ್ನಾವುದೂ ಕಲಿಸದು.

ಹಾಗೆಂದು ಷೋಕಿಯ ಮಿಶ್ರಣವೆಲ್ಲ ತ್ಯಾಜ್ಯವೆಂದೂ ಅಲ್ಲ. ಎಲ್ವಿಸ್ ಪ್ರೆಸ್ಲಿಯವರ 1968ರ 'ಎ ಲಿಟ್ಲ್ ಲೆಸ್ ಕಾನ್ವರ್ಸೇಷನ್' ಹಾಡು ಅವರ ಜೀವಿತಕಾಲದಲ್ಲಿ ಅಷ್ಟೇನೂ ಹೆಸರು ಗಳಿಸದೆ ಬಿದ್ದಿತ್ತು. 2002ರಲ್ಲಿ ಡಚ್ ಕಲಾವಿದರೊಬ್ಬರು ಅದಕ್ಕೆ ನರ್ತನದ ತಾಳವನ್ನು ಕೂಡಿಸಿದಾಗ ಅದು ಬ್ರಿಟನ್ನಿನಲ್ಲಿ ಎಲ್ವಿಸರ ಹದಿನೆಂಟನೆಯ ಅಗ್ರಗೀತೆಯಾಯಿತು. ಇಲ್ಲಿ ಯಾರೂ ಮೋಸಹೋಗಲಿಲ್ಲ. ಹೊಸದು ಹೊಸದೆಂದೇ ಬಂದಿತು, ಹಳೆಯದು ತನ್ನ ಸ್ಥಳದಲ್ಲಿಯೇ ಉಳಿಯಿತು, ಮರೆತ ಹಾಡೊಂದು ಜನರ ಕಿವಿಗೆ ಬಿದ್ದಿತು.

ಇಷ್ಟು ವಿಚಾರದಿಂದ ನಮಗೆ ತೋರುವ ನಿರ್ಣಯವಿದು. ಮೂಲ ಟೇಪಿನಿಂದ, ಮೂಲ ಕಲಾವಿದರ ಕಂಠವನ್ನೂ ವಾದ್ಯವನ್ನೂ ಇಟ್ಟುಕೊಂಡು, ಅಂದಿನ ಯಂತ್ರಗಳ ಬಡತನದಿಂದ ಮುಚ್ಚಿಹೋದುದನ್ನು ತೆರೆದು ತೋರಿಸುವ ಮಿಶ್ರಣವು ಕೊಳ್ಳತಕ್ಕದ್ದು. 'ಸಾರ್ಜೆಂಟ್ ಪೆಪ್ಪರ್', 'ರಿವಾಲ್ವರ್' ಇವುಗಳ ಹೊಸ ರೂಪಗಳು ಈ ವರ್ಗಕ್ಕೆ ಸೇರಿದವು. ಮೊದಲ ಸಲ ಕೇಳುವ ತರುಣರಿಗೆ ನಿಸ್ಸಂಕೋಚವಾಗಿ ಇವನ್ನು ಹೇಳಬಹುದು. ಎಂಟು ಜಾಡುಗಳ ಮೇಲೆ ಮುದ್ರಿತವಾಗಿ, ಬ್ರಿಟನ್ನಿನಲ್ಲಿ ಸ್ಟೀರಿಯೋದಲ್ಲಿ ಮಾತ್ರವೇ ಹೊರಬಂದ 1969ರ 'ಅಬ್ಬೆ ರೋಡ್' ಆಲ್ಬಮ್ಮಿನಲ್ಲಿಯಾದರೋ ತೆರೆದು ತೋರಿಸಬೇಕಾದುದು ಕಡಿಮೆ. ಅದರ ಹಳೆಯ ಒಳ್ಳೆಯ ಪ್ರತಿಯು ಕೈಯಲ್ಲಿದ್ದವರು ಹೊಸದಕ್ಕೆ ಹಣವನ್ನು ಸುರಿಯಬೇಕಾದ ಅಗತ್ಯವಿಲ್ಲ.

ಕೊಳ್ಳುವವರು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಯಂತ್ರದ ಸದ್ದನ್ನು ಎರಡಕ್ಕೂ ಸಮವಾಗಿಸಿಕೊಂಡು ಕೇಳಬೇಕು. ತುಸು ದೊಡ್ಡದಾಗಿ ಕೇಳಿಸುವುದೇ ಉತ್ತಮವೆಂದು ಮನುಷ್ಯನ ಕಿವಿಯು ಸಹಜವಾಗಿ ಭ್ರಮಿಸುತ್ತದೆ. ಇದನ್ನು ಬಲ್ಲ ಕಂಪನಿಗಳು ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರವನ್ನು ಒತ್ತಿ ಕುಗ್ಗಿಸಿ, ಎಲ್ಲವನ್ನೂ ಏರುದನಿಯಲ್ಲಿಯೇ ಮುದ್ರಿಸಿದ ಉದಾಹರಣೆಗಳು ಸೀಡಿಯ ಕಾಲದಲ್ಲಿ ಹೇರಳ. ಸದ್ದನ್ನು ಸಮಮಾಡಿದ ಮೇಲೂ ಹೊಸದರಲ್ಲಿ ಹೆಚ್ಚೇನಾದರೂ ಕೇಳಿಸಿದರೆ ಅದು ನಿಜವಾದ ಲಾಭ. ಇಲ್ಲವಾದರೆ ಗದ್ದಲಕ್ಕೆ ಕೊಟ್ಟ ಬೆಲೆ.

ಕಂಪನಿಗಳಿಂದಲೂ ಜನರು ಕೇಳಿ ಪಡೆಯಬೇಕಾದ ನ್ಯಾಯವೊಂದಿದೆ. 2017ರ 'ಸಾರ್ಜೆಂಟ್ ಪೆಪ್ಪರ್' ಸಂಚಿಕೆಯಲ್ಲಿ ಮಾನೋ ಮಿಶ್ರಣವು ಸೇರಿದ್ದು ಆರು ತಟ್ಟೆಗಳೂ 144 ಪುಟಗಳ ಪುಸ್ತಕವೂ ಉಳ್ಳ ದುಬಾರಿ ಪೆಟ್ಟಿಗೆಯಲ್ಲಿ. ಅಗ್ಗದ ಒಂಟಿ ತಟ್ಟೆಯಲ್ಲಿ ಹೊಸ ಮಿಶ್ರಣ ಮಾತ್ರ. 2022ರ 'ರಿವಾಲ್ವರ್' ಪೆಟ್ಟಿಗೆಯಲ್ಲಿ ಹೊಸ ಸ್ಟೀರಿಯೋ ಇದೆ, ಹಳೆಯ ಮಾನೋ ಇದೆ. 1966ರ ಸ್ಟೀರಿಯೋ ಇಲ್ಲ. ಮೂಲವನ್ನು ಸಿರಿವಂತರ ಕಪಾಟಿಗೆ ಸೇರಿಸಿ, ಸಾಮಾನ್ಯರಿಗೆ ತಿದ್ದುಪಡಿಯನ್ನು ಮಾತ್ರ ಉಣಿಸುವುದು ಯೋಗ್ಯವಲ್ಲ. ಹಳೆಯ ಮಿಶ್ರಣವು ಸುಲಭ ಬೆಲೆಗೆ ಸದಾ ದೊರೆಯುತ್ತಿರಬೇಕು. ಹೊಸದರ ಹೊದಿಕೆಯ ಮೇಲೆ ಅದು ಯಾವ ವರ್ಷದಲ್ಲಿ, ಯಾರಿಂದ ಬೆರೆಸಲ್ಪಟ್ಟಿತೆಂಬುದು ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಇರಬೇಕು. ಅನುಕರಣದ ಮುದ್ರಿಕೆಗೆ ನಮ್ಮ ಶಾಸನವು ವಿಧಿಸಿರುವ ಸತ್ಯವಾಕ್ಯದ ನಿಯಮವನ್ನು ಪುನರ್ಮಿಶ್ರಣದವರು ತಾವಾಗಿಯೇ ಪಾಲಿಸಿದರೆ ಅವರ ಕೀರ್ತಿಗೆ ಕುಂದೇನೂ ಬಾರದು.

ಗ್ರಂಥದ ಪಾಠವನ್ನು ಪರಿಷ್ಕರಿಸುವ ಪಂಡಿತರು ಹಸ್ತಪ್ರತಿಯನ್ನು ಸುಡುವುದಿಲ್ಲ. ತಮ್ಮ ಪರಿಷ್ಕರಣವನ್ನು ನಾಳೆ ಇನ್ನೊಬ್ಬರು ಪರೀಕ್ಷಿಸಲೆಂದು ಅದನ್ನು ಜೋಪಾನವಾಗಿ ಕಾಪಾಡುತ್ತಾರೆ. ಹಾಡಿನ ವಿಷಯದಲ್ಲಿಯೂ ನಿಯಮ ಇದೇ ಆಗಿರಬೇಕು. ಹೊಸ ಮಿಶ್ರಣವನ್ನು ಸಂತೋಷದಿಂದ ಕೊಳ್ಳೋಣ. ಆದರೆ ಹಳೆಯದನ್ನು ಕೇಳುವ ಹಕ್ಕನ್ನು ಅದರ ಬೆಲೆಯಾಗಿ ತೆರದಿರೋಣ.